ತಮ್ಮನ ಕಾಯಿಲೆ ಬಗ್ಗೆ ಎಲ್ಲರೂ ನನ್ನನ್ನೇ ಕೇಳುತ್ತಾರೆ, ಅವನನ್ನು ಕೇಳುವುದು ಯಾವಾಗ?

ತೋಟದಂಚು
ಎಲ್ಲರಿಗೂ ನಮಸ್ಕಾರ. ಊರಿನ ಹೆಸರು ಹಾಕುವುದಿಲ್ಲ, ಮಲೆನಾಡಿನ ಒಂದು ಮೂಲೆ ಅಂದುಕೊಳ್ಳಿ. ವಿಷಯ ಸ್ವಲ್ಪ ಉದ್ದ ಇದೆ.

ನನ್ನ ತಮ್ಮನಿಗೆ 34 ವರ್ಷ. ಒಂಬತ್ತು ವರ್ಷದಿಂದ ಸ್ಕಿಜೋಫ್ರೀನಿಯಾಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಮೊದಲ ಎರಡು ವರ್ಷ ಏನೇನಾಯಿತು ಅಂತ ಬರೆಯುವುದಿಲ್ಲ, ಮನೆಯಲ್ಲಿ ಕಂಡವರಿಗೆ ಗೊತ್ತಿರುತ್ತದೆ. ಈಗ ಆರಾಮಾಗಿದ್ದಾನೆ. ಆರಾಮು ಅಂದರೆ ಕಿವಿಯಲ್ಲಿ ಯಾರೋ ಮಾತಾಡುವುದು ನಿಂತಿದೆ, ಊಟ ನಿದ್ದೆ ಸರಿ ಇದೆ, ಕೆಲಸಕ್ಕೂ ಹೋಗುತ್ತಾನೆ. ಅವನು ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಅಡಿಕೆ ಮರ ಹತ್ತಿದ ಅಂದರೆ ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುತ್ತಿದ್ದ, ನೋಡುತ್ತಾ ನಿಂತವರಿಗೆ ಎದೆ ಝಲ್ ಅನ್ನುತ್ತಿತ್ತು.

ಕಳೆದ ಮಂಗಳವಾರ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮನೋಚೈತನ್ಯ ಅಂತ ಮಂಗಳವಾರ ಮನೋವೈದ್ಯರು ಬರುತ್ತಾರಲ್ಲ, ಅದಕ್ಕೆ. ಎರಡೂವರೆ ಗಂಟೆ ಕಾದೆವು. ಒಳಗೆ ಹೋದರೆ ಡಾಕ್ಟರ್ ನನ್ನ ಮುಖ ನೋಡಿ ಕೇಳಿದರು: ನಿದ್ದೆ ಮಾಡ್ತಾನಾ? ಊಟ ಮಾಡ್ತಾನಾ? ಗಲಾಟೆ ಏನಾದ್ರೂ ಇದೆಯಾ? ನಾನು ಹೌದು, ಹೌದು, ಇಲ್ಲ ಅಂದೆ. ಅದೇ ಮುಂದುವರಿಸಿ ಅಂತ ಚೀಟಿ ಬರೆದರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ತಮ್ಮ ಮೆಲ್ಲಗೆ, "ಅಣ್ಣ, ನಾನೂ ಅಲ್ಲೇ ಕೂತಿದ್ದೆ" ಅಂದ. ಆಮೇಲೆ ಊರು ಬರುವವರೆಗೆ ಒಂದೊಂದಾಗಿ ಹೇಳಿದ. ಮಳೆಗಾಲದಲ್ಲಿ ಮಾತ್ರೆ ಜಾಸ್ತಿ ಮಾಡಿದ ಮೇಲೆ ಕೈ ನಡುಗುತ್ತಿದೆಯಂತೆ. ಮರದ ತುದಿಯಲ್ಲಿ ಕತ್ತಿ ಹಿಡಿದಾಗ ಇನ್ನೂ ಜಾಸ್ತಿ. ಬೆಳಿಗ್ಗೆ ಹತ್ತು ಗಂಟೆವರೆಗೆ ಮಂಪರು ಇಳಿಯುವುದಿಲ್ಲ. ತೋಟದವರಿಗೆ ಮಂಡಿನೋವು ಅಂತ ಸುಳ್ಳು ಹೇಳಿ ಎತ್ತರದ ಮರ ಬಿಡುತ್ತಿದ್ದಾನೆ. ನನಗೆ ಇದೊಂದೂ ಗೊತ್ತಿರಲಿಲ್ಲ. ಡಾಕ್ಟರಿಗೆ ಬೈಯಬೇಕು ಅಂತ ಬಾಯಿ ತೆಗೆದೆ, ನಾನೂ ಕೇಳಿರಲಿಲ್ಲವಲ್ಲ ಅನ್ನಿಸಿ ಸುಮ್ಮನಾದೆ.

ವ್ಯಕ್ತಿಕೇಂದ್ರಿತ ಆರೈಕೆ ಅಂತ ದೊಡ್ಡ ಮಾತು ಕಾಗದದಲ್ಲಿ ಕಾಣುತ್ತದೆ. ಕಾಯಿಲೆ ಇರುವವರನ್ನೇ ಕೂರಿಸಿ, ನಿಮಗೇನು ತೊಂದರೆ, ನಿಮಗೇನು ಬೇಕು ಅಂತ ಕೇಳುವ ಜಾಗ ನಮ್ಮ ಕಡೆ ಯಾರಾದರೂ ಕಂಡಿದ್ದೀರಾ?

ಅಡಿಕೆಸಿಪ್ಪೆ
ಕಂಡಿಲ್ಲ. ಮುಂದಿನ ಪ್ರಶ್ನೆ.

ಬಿಎಚ್ ರೋಡ್
ಡಾಕ್ಟರನ್ನು ಮಾತ್ರ ದೂರಬೇಡಿ ಮಾರಾಯ್ರೆ. ಇಡೀ ತಾಲೂಕಿಗೆ ವಾರಕ್ಕೆ ಒಂದು ದಿನ ಒಬ್ಬರು. ಹೊರಗೆ ಕಾರಿಡಾರ್ ತುಂಬಾ ಜನ. ಒಬ್ಬೊಬ್ಬರ ಹತ್ತಿರ ಕಾಲು ಗಂಟೆ ಕೂತರೆ ಕೊನೆಯವರು ಬುಧವಾರ ಮನೆಗೆ ಹೋಗಬೇಕು.

ತೋಟದಂಚು
ಒಪ್ಪಿದೆ. ಆದರೆ ಅದೇ ಮೂರು ಪ್ರಶ್ನೆಯನ್ನು ನನ್ನ ಕಡೆ ನೋಡಿ ಕೇಳುವ ಬದಲು ಅವನ ಕಡೆ ನೋಡಿ ಕೇಳಿದ್ದರೆ ಎಷ್ಟು ಸೆಕೆಂಡ್ ಜಾಸ್ತಿ ಆಗುತ್ತಿತ್ತು?

ಆಶಾ ಅಕ್ಕ
ನಾನು ಆಶಾ ಕಾರ್ಯಕರ್ತೆ, 12 ವರ್ಷ ಆಯಿತು. ಗರ್ಭಿಣಿ ಪಟ್ಟಿ, ಲಸಿಕೆ ಪಟ್ಟಿ, ಬಿಪಿ ಶುಗರ್ ಪಟ್ಟಿ, ಮಂಗನ ಕಾಯಿಲೆ ಸಮಯದಲ್ಲಿ ಜ್ವರದ ಪಟ್ಟಿ, ಎಲ್ಲ ನಮ್ಮ ತಲೆ ಮೇಲೆ. ಮಾನಸಿಕ ಕಾಯಿಲೆಯವರ ಮನೆಗೂ ಹೋಗಿ ಅನ್ನುತ್ತಾರೆ, ಹೋಗುತ್ತೇವೆ. ಆದರೆ ಬರೆದುಕೊಳ್ಳೋಕೆ ಇರುವುದು ಮಾತ್ರೆ ತಗೊಂಡರಾ, ಇಲ್ವಾ, ಅಷ್ಟೇ. ನನ್ನ ಏರಿಯಾದ ಒಬ್ಬ ಹೆಂಗಸು ಮಾತ್ರೆ ಸರಿಯಾಗಿಯೇ ತಗೊಳ್ಳುತ್ತಾಳೆ. ಆದರೆ ಆರು ತಿಂಗಳಲ್ಲಿ ಯಾರೂ ಅವಳನ್ನು ಒಂದು ಮದುವೆಗೆ ಕರೆದಿಲ್ಲ. ನನಗೆ ಅದನ್ನೇ ಹೇಳಿಕೊಂಡು ಅತ್ತಳು. ಅದನ್ನು ಯಾವ ಕಾಲಂನಲ್ಲಿ ಬರೆಯಲಿ ಹೇಳಿ.

ಅಡಿಕೆಸಿಪ್ಪೆ
ಅಕ್ಕ, ಮೊದಲು ನಿಮ್ಮ ಗೌರವಧನ ಸರಿಯಾಗಿ ಬರಲಿ, ಆಮೇಲೆ ಕಾಲಂ ನೋಡೋಣ.

ಭದ್ರಾವತಿ ಕರಿಕೋಟು
ಕಾನೂನು ಏನು ಹೇಳುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಇದು ಯಾರಿಗೂ ಗೊತ್ತಿಲ್ಲ, ನಮ್ಮ ವಕೀಲರಲ್ಲೇ ಅರ್ಧ ಜನಕ್ಕೆ ಗೊತ್ತಿಲ್ಲ.

1912ರ ಲೂನಸಿ ಕಾಯ್ದೆ, ಅದು ಹೋಗಿ 1987ರ ಕಾಯ್ದೆ, ಈಗ ಇರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜಾರಿಗೆ ಬಂದಿದ್ದು 2018ರಲ್ಲಿ. ಇದರಲ್ಲಿ ಕಾಯಿಲೆಯವರಿಗೆ ತಮ್ಮ ಚಿಕಿತ್ಸೆ ಬಗ್ಗೆ ತಾವೇ ತೀರ್ಮಾನ ಮಾಡುವ ಹಕ್ಕು ಇದೆ. ಹೇಳಿದ್ದು ಅರ್ಥ ಆಗುತ್ತದೆ, ತನ್ನ ಇಷ್ಟ ಹೇಳೋಕೆ ಬರುತ್ತದೆ ಅಂದರೆ ಅವರ ಮಾತೇ ಮುಖ್ಯ. ಎರಡನೆಯದು, ಮುಂಗಡ ನಿರ್ದೇಶನ. ಮುಂದೆ ನನಗೆ ಕಾಯಿಲೆ ಕೆರಳಿದರೆ ಹೀಗೆ ನೋಡಿಕೊಳ್ಳಿ, ಇದು ಬೇಡ ಅಂತ ಈಗಲೇ ಬರೆದಿಡಬಹುದು. ಅದನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲಿ ನೋಂದಾಯಿಸಬೇಕು. ಮೂರನೆಯದು, ತನ್ನ ಪರ ಯಾರು ಮಾತಾಡಬೇಕು ಅಂತ ಅವರೇ ಹೆಸರಿಸಬಹುದು, ಅದಕ್ಕೆ ಬಿಳಿ ಹಾಳೆ, ಒಂದು ಸಹಿ ಸಾಕು, ಸಹಿ ಬರದಿದ್ದರೆ ಹೆಬ್ಬೆಟ್ಟು. ಅಣ್ಣ ಅನ್ನುವ ಕಾರಣಕ್ಕೆ ತೋಟದಂಚು ಅವರೇ ಆಗಬೇಕು ಅಂತೇನಿಲ್ಲ.

ಬಡತನ ರೇಖೆಗಿಂತ ಕೆಳಗಿನವರಿಗೆ, ಕಾರ್ಡ್ ಇರಲಿ ಬಿಡಲಿ, ಚಿಕಿತ್ಸೆ ಉಚಿತ ಅಂತಲೂ ಇದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಕೇಸು ಹಾಕಿ ಶಿಕ್ಷೆ ಕೊಡೋಕೆ ಹೋಗಬಾರದು ಅಂತ 115ನೇ ಸೆಕ್ಷನ್ ಹೇಳುತ್ತದೆ. ಸಾಯೋಕೆ ಅಂತ ಕೀಟನಾಶಕ ಕುಡಿದವರನ್ನು ಆಸ್ಪತ್ರೆಗೆ ತರೋಕೆ ಪೊಲೀಸ್ ಭಯದಿಂದ ಹಿಂದೇಟು ಹಾಕುವವರು ನಮ್ಮ ಕಡೆ ಈಗಲೂ ಇದ್ದಾರೆ. ಇದನ್ನಾದರೂ ನಾಲ್ಕು ಜನಕ್ಕೆ ಹೇಳಿ.

ಒಲೆಮುಂದೆ
ಓದುತ್ತಾ ಓದುತ್ತಾ ಸಿಟ್ಟು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ನಮ್ಮ ಯಜಮಾನರಿಗೂ ಇದೇ ಕಾಯಿಲೆ. ಅವರನ್ನೇ ಕೇಳಿ, ಅವರ ಇಷ್ಟ ಕೇಳಿ ಅನ್ನುತ್ತೀರಲ್ಲ, ಅವರ ಇಷ್ಟ ಕೇಳಿದರೆ "ನನಗೇನಾಗಿದೆ, ಮಾತ್ರೆ ಬೇಡ" ಅನ್ನುತ್ತಾರೆ. ಹೋದ ವರ್ಷ ಹಾಗೇ ಬಿಟ್ಟರು. ಮೂರನೇ ವಾರಕ್ಕೆ ನೀರಲ್ಲಿ ವಿಷ ಹಾಕಿದ್ದೀಯ ಅಂತ ಕೊಡಪಾನ ಒದ್ದರು. ರಾತ್ರಿ ಎರಡು ಗಂಟೆಗೆ ಎದ್ದು ಹೊರಗೆ ಹೋಗುತ್ತಿದ್ದರು, ಜಡಿಮಳೆ, ಕರೆಂಟಿಲ್ಲ, ಬ್ಯಾಟರಿ ಹಿಡಿದು ಬಾವಿಕಟ್ಟೆ ಹತ್ತಿರ ಕೂತು ಕಾಯುತ್ತಿದ್ದವಳು ನಾನು. ಒಳಗೆ ಮಗಳು ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದಳು. ಆಗ ಯಾವ ಕಾಯ್ದೆ ನನ್ನ ಜೊತೆ ಬಾವಿಕಟ್ಟೆ ಮೇಲೆ ಕೂತಿತ್ತು? ಮನೆಯವರನ್ನು ಕೇಳದೆ ಇನ್ಯಾರನ್ನು ಕೇಳಬೇಕು?

ಭದ್ರಾವತಿ ಕರಿಕೋಟು
ಅಕ್ಕ, ನಿಮ್ಮ ಮಾತು ನ್ಯಾಯವಾದದ್ದು. ಕಾಯ್ದೆಯಲ್ಲೂ ಅದಕ್ಕೆ ದಾರಿ ಇದೆ. ತನಗೋ ಬೇರೆಯವರಿಗೋ ಅಪಾಯ ಆಗುವಷ್ಟು ಕಾಯಿಲೆ ಕೆರಳಿ, ತೀರ್ಮಾನ ಮಾಡುವ ಸ್ಥಿತಿ ಇಲ್ಲದಿದ್ದರೆ ಅವರ ಪರ ಮಾತಾಡುವ ಪ್ರತಿನಿಧಿ ಅರ್ಜಿ ಕೊಟ್ಟು ದಾಖಲಿಸಬಹುದು, ಮೊದಲ ಸಲಕ್ಕೆ 30 ದಿನದವರೆಗೆ. ತುರ್ತು ಇದ್ದರೆ ಯಾವ ವೈದ್ಯರಾದರೂ 72 ಗಂಟೆವರೆಗೆ ಚಿಕಿತ್ಸೆ ಕೊಡಬಹುದು, ಆಗ ಮುಂಗಡ ನಿರ್ದೇಶನವೂ ಅಡ್ಡ ಬರುವುದಿಲ್ಲ.

ಒಲೆಮುಂದೆ
72 ಗಂಟೆ ಸರಿ. ಅವರನ್ನು ಜೀಪು ಹತ್ತಿಸುವುದು ಯಾರು?

ಬಿಎಚ್ ರೋಡ್
ಇದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ ಅಂತ ಕಾಣುತ್ತೆ.

ಎರಡೂಕಡೆ
ಇಲ್ಲಿ ಕಾಯಿಲೆಯವರ ಅಣ್ಣ ಇದ್ದಾರೆ, ಹೆಂಡತಿ ಇದ್ದಾರೆ, ವಕೀಲರು ಇದ್ದಾರೆ. ನಾನು ಕಾಯಿಲೆಯವನು. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ, 19 ವರ್ಷ ಆಯಿತು. ಶಿವಮೊಗ್ಗದಲ್ಲಿ ಅಂಗಡಿ ಇದೆ, ಮದುವೆ ಆಗಿದೆ, ಜಿಎಸ್‌ಟಿ ಕಟ್ಟುತ್ತೇನೆ, ಅಂದರೆ ಎಲ್ಲರ ಹಾಗೆ ಸಂಕಟ ಪಡುತ್ತೇನೆ.

ಒಲೆಮುಂದೆ ಅಕ್ಕ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ, ನನ್ನ ಹೆಂಡತಿಯೂ ಅಂಥ ರಾತ್ರಿ ಕಂಡಿದ್ದಾಳೆ. ಆದರೆ ಈ ಕಡೆಯಿಂದ ಹೇಗಿರುತ್ತದೆ ಅಂತ ಹೇಳುತ್ತೇನೆ. ಹೊಸ ಕಾಯ್ದೆ ಬರುವ ಮೊದಲು ನನ್ನನ್ನು ಒಂದು ಕಡೆ ದಾಖಲಿಸಿದ್ದರು, ಎಲ್ಲಿ ಅಂತ ಬೇಡ. ನನ್ನ ಅಂಗಿ ಬಿಚ್ಚಿಸಿ ಅವರ ಬಟ್ಟೆ ಕೊಟ್ಟರು, ಗುಂಡಿ ಇರಲಿಲ್ಲ, ಲಾಡಿ ಇರಲಿಲ್ಲ. ಎರಡನೇ ದಿನ ಹೇನು ಅಂತ ಹೇಳಿ ತಲೆ ಬೋಳಿಸಿದರು. ನನ್ನ ತಲೆಯಲ್ಲಿ ಹೇನು ಇರಲಿಲ್ಲ. ಆಗ ನನ್ನ ತಂದೆ ಬದುಕಿದ್ದರು, ನಮ್ಮಲ್ಲಿ ತಂದೆ ಹೋದರೆ ತಾನೇ ಬೋಳಿಸುವುದು. ಮನೆಯವರು ನೋಡೋಕೆ ಬಂದಾಗ ಅಪ್ಪ ನನ್ನ ತಲೆ ನೋಡಿ ತಿರುಗಿ ನಿಂತರು. ಔಷಧಿಯಿಂದ ನಾನು ಸುಧಾರಿಸಿದ್ದು ನಿಜ. ಆದರೆ ಆಮೇಲೆ ನಾಲ್ಕು ವರ್ಷ ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತಲಿಲ್ಲ, ಅದರಿಂದ ಮತ್ತೆ ಎರಡು ಸಲ ಕೆಟ್ಟೆ.

ಈಗಿನ ಕಾಯ್ದೆಯಲ್ಲಿ ಬಲವಂತವಾಗಿ ತಲೆ ಬೋಳಿಸುವ ಹಾಗಿಲ್ಲ, ಇಷ್ಟ ಇದ್ದರೆ ಸ್ವಂತ ಬಟ್ಟೆ ಹಾಕಿಕೊಳ್ಳಬಹುದು, ಸರಪಳಿ ಹಾಕುವ ಹಾಗಿಲ್ಲ ಅಂತ ಬರೆದಿದೆ. ಓದಿದ ದಿನ ನಾನು ಅಂಗಡಿ ಶಟರ್ ಅರ್ಧ ಎಳೆದು ಒಳಗೆ ಕೂತಿದ್ದೆ.

ಒಲೆಮುಂದೆ
ಅಣ್ಣ, ಇದು ನನಗೆ ಗೊತ್ತಿರಲಿಲ್ಲ. ನಿಮಗೆ ಮತ್ತೆ ಮಾತ್ರೆ ತಗೊಳ್ಳುವ ಮನಸ್ಸು ಹೇಗೆ ಬಂತು? ನಮ್ಮವರಿಗೆ ಹೇಗೆ ಹೇಳಬೇಕು ಗೊತ್ತಾಗುತ್ತಿಲ್ಲ.

ಎರಡೂಕಡೆ
ಒಬ್ಬ ಡಾಕ್ಟರ್ ಕೇಳಿದರು, "ಮಾತ್ರೆ ತಗೊಂಡರೆ ನಿಮಗೆ ಯಾವುದು ಕಷ್ಟ?" ಅಂತ. ಯಾಕೆ ತಗೊಳ್ಳಲಿಲ್ಲ ಅಂತ ಎಲ್ಲರೂ ಕೇಳಿದ್ದರು, ಇದನ್ನು ಮಾತ್ರ ಅವರೇ ಮೊದಲು ಕೇಳಿದ್ದು. ಬಾಯಿ ಒಣಗುತ್ತದೆ, ಗಿರಾಕಿ ಹತ್ತಿರ ಮಾತಾಡೋಕೆ ಆಗಲ್ಲ ಅಂದೆ. ಮಾತ್ರೆ ಬದಲಾಯಿಸಿದರು. ಅಷ್ಟೇ. ನಿಮ್ಮ ಯಜಮಾನರು ಸರಿ ಇರುವ ದಿನ ನೋಡಿ ಕೇಳಿ, ಕೆರಳಿದಾಗ ಕೇಳಿ ಪ್ರಯೋಜನ ಇಲ್ಲ.

ನಿವೃತ್ತ ಮೇಷ್ಟ್ರು
ಯುವಕರು ಎಲ್ಲವೂ ಈಗಲೇ ಶುರುವಾಯಿತು ಅಂದುಕೊಂಡಿದ್ದೀರಿ. ಮಾನಸಿಕ ಆರೋಗ್ಯವನ್ನು ಹಳ್ಳಿಗೆ ತರುವ ಕೆಲಸದಲ್ಲಿ ಕರ್ನಾಟಕ ಮೊದಲಿನಿಂದಲೂ ಮುಂದೆ. 1996ರಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಪ್ರಯೋಗ ಮಾಡಿದರು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು. ನಮ್ಮ ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಅವರು ಇದ್ದರು. ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲೇ ಬರೆದರು, ಭಾಷಣ ಮಾಡಿದರು, ಸಿನಿಮಾವರೆಗೂ ಹೋದರು. 2016ರಲ್ಲಿ ತೀರಿಕೊಂಡರು. ನಮ್ಮ ಶಾಲೆ ಸ್ಟಾಫ್ ರೂಮಿನಲ್ಲಿ "ಹುಚ್ಚಾಸ್ಪತ್ರೆ" ಅನ್ನುವ ಮಾತು ನಿಂತಿದ್ದು ಅವರ ಲೇಖನ ಓದಿ ಓದಿ.

ಸಮಾಜಕಾರ್ಯ
ಮೇಷ್ಟ್ರೇ, ಒಂದು ತಿದ್ದುಪಡಿ. ಬಳ್ಳಾರಿ ಪ್ರಯೋಗ ನಡೆದಿದ್ದು 1985ರಿಂದ 1990ರವರೆಗೆ. ಆ ಮಾದರಿ ಹಿಡಿದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಗಿದ್ದು 1996ರಲ್ಲಿ. ರಾಷ್ಟ್ರೀಯ ಕಾರ್ಯಕ್ರಮ ಅದಕ್ಕೂ ಮೊದಲಿನದು, 1982.

ನಮ್ಮ ಜಿಲ್ಲೆಯ ಇನ್ನೊಂದು ವಿಷಯ ಬಿಟ್ಟಿರಿ. ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ತಂಡ ವರ್ಷಗಟ್ಟಲೆ ಸ್ಕಿಜೋಫ್ರೀನಿಯಾ ಇರುವವರನ್ನು ಊರೂರಲ್ಲಿ ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ಅವರ ಬೆನ್ನು ಹತ್ತಿ ನೋಡಿದೆ. ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲೂ ಅದೇ ಕೆಲಸ. ಅವರು ಅಳೆದಿದ್ದು ಬರೀ ಭ್ರಮೆ ಕಡಿಮೆ ಆಯಿತಾ ಅಂತ ಅಲ್ಲ. ಸ್ನಾನ, ಜನರ ಜೊತೆ ಮಾತು, ದುಡಿಮೆ, ಇವುಗಳಲ್ಲಿ ಎಷ್ಟು ಕೈ ಸೋತಿದೆ ಅಂತಲೂ ನೋಡಿದರು. ಚಿಕಿತ್ಸೆಯಲ್ಲಿ ಉಳಿದವರ ಸ್ಥಿತಿ ಬಿಟ್ಟವರಿಗಿಂತ ಚೆನ್ನಾಗಿತ್ತು. ಹಾಗಾಗಿ ಮಾತ್ರೆ ಬೇಡ ಅಂತ ಯಾರೂ ಹೇಳುತ್ತಿಲ್ಲ. ಮಾತ್ರೆ ಜೊತೆಗೆ ಆ ಮನುಷ್ಯನ ದುಡಿಮೆ, ನಂಟು ಕೂಡ ಚಿಕಿತ್ಸೆಯ ಲೆಕ್ಕಕ್ಕೆ ಬರಬೇಕು ಅಂತ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವ್ಯಕ್ತಿಕೇಂದ್ರಿತ, ಹಕ್ಕು ಆಧರಿಸಿದ ಸೇವೆಗಳ ಬಗ್ಗೆ ಒಂದು ದೊಡ್ಡ ಕೈಪಿಡಿ ತಂದಿತು. ಅದರಲ್ಲಿ ಭಾರತದ ಮೂರು ಉದಾಹರಣೆ ಇವೆ, ಎರಡನ್ನು ಹೇಳುತ್ತೇನೆ. ಗುಜರಾತಿನ ಆತ್ಮೀಯತಾ, ಅಲ್ಲಿ ಊರಿನವರೇ ತರಬೇತಿ ಪಡೆದು ನೊಂದವರ ಮನೆಗೆ ಹೋಗಿ ಮಾತಾಡುತ್ತಾರೆ, ಸರ್ಕಾರಿ ಪಿಂಚಣಿಗೂ ದಾರಿ ತೋರಿಸುತ್ತಾರೆ. ಇನ್ನೊಂದು ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆಯ ಹೋಮ್ ಅಗೇನ್. ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಉಳಿದುಬಿಟ್ಟವರು ನಾಲ್ಕೈದು ಜನ ಸೇರಿ ಊರೊಳಗೆ ಬಾಡಿಗೆ ಮನೆಯಲ್ಲಿ ಇರುತ್ತಾರೆ.

ಅಡಿಕೆಸಿಪ್ಪೆ
ಶಿವಮೊಗ್ಗದಲ್ಲಿ ಬ್ಯಾಚುಲರ್‌ಗಳಿಗೇ ಬಾಡಿಗೆ ಮನೆ ಕೊಡಲ್ಲ.

ಸಮಾಜಕಾರ್ಯ
ಚೆನ್ನೈನಲ್ಲಿ ಕೊಡ್ತಾರೆ ಅಂದ್ಕೊಂಡ್ರಾ? ಹುಡುಕಿ ಹುಡುಕಿ ತಗೊಳ್ಳೋದು.

ಹಿನ್ನೀರು
ನಮ್ಮದು ತುಮರಿ ಕಡೆ, ಶರಾವತಿ ಹಿನ್ನೀರಿನಾಚೆ, ಲಾಂಚಿನಲ್ಲೇ ದಾಟಬೇಕಿತ್ತು. ವ್ಯಕ್ತಿಕೇಂದ್ರಿತ ಆಮೇಲೆ, ನಮಗೆ ಮೊದಲು ಲಾಂಚ್‌ಕೇಂದ್ರಿತ ಬದುಕಿತ್ತು. ಚಿಕ್ಕಪ್ಪನಿಗೆ ಸಂಜೆ ಹೊತ್ತು ಕೆರಳಿದರೆ ಲಾಂಚ್ ನಿಂತಿರುತ್ತಿತ್ತು, ಬೆಳಗಾಗುವವರೆಗೆ ನಾಲ್ಕು ಜನ ಹಿಡಿದುಕೊಂಡು ಕೂರುವುದು, ಇಲ್ಲಾ ಸುತ್ತು ಹಾಕಿ ಹೋಗುವುದು. 2025ರ ಜುಲೈಯಲ್ಲಿ ಸೇತುವೆ ಶುರುವಾಯಿತು. ಮನೋವೈದ್ಯರು ಬಂದಿಲ್ಲ, ಆದರೆ ನಾವು ಹೋಗಬಹುದು. ನನ್ನ ಮಟ್ಟಿಗೆ ಅದೇ ದೊಡ್ಡ ಮಾನಸಿಕ ಆರೋಗ್ಯ ಯೋಜನೆ.

ಬಿಎಚ್ ರೋಡ್
ಸೇತುವೆ ಮೇಲೆ ಈಗ ಸೆಲ್ಫಿ ತೆಗೆಯುವವರ ಕಾಟ ಅಂತೆ ಹೌದಾ?

ಹಿನ್ನೀರು
ಭಾನುವಾರ ಬರಲೇಬೇಡಿ.

ಕೂಗಳತೆ
ಯಾರೂ ಹೇಳದ ಮಾತು ಹೇಳುತ್ತೇನೆ. ನಮ್ಮ ಕಡೆ ಮೊದಲು ಹೋಗುವುದು ನೋಟ ನೋಡಿಸೋಕೆ. ಗಾಳಿ ಸೋಕಿದೆ, ಚೌಡಿಗೆ ಹರಕೆ ಬಾಕಿ ಇದೆ ಅನ್ನುತ್ತಾರೆ. ನಗಬೇಡಿ. ನಮ್ಮ ಅತ್ತಿಗೆಗೆ ಬಾಣಂತನದಲ್ಲಿ ಹಾಗಾದಾಗ ನೋಡಿಸಿದ ಅಜ್ಜ ಅವಳನ್ನೇ ಎದುರು ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸಿದ. ಏನು ಕಂಡೆ ಮಗಾ, ಯಾರ ಮೇಲೆ ಸಿಟ್ಟು, ಅಂತ. ಕಾಯಿಲೆ ಹೋಗಲಿಲ್ಲ, ಮಾತ್ರೆಯಿಂದಲೇ ಹೋಗಿದ್ದು. ಆದರೆ ಕೂತು ಕೇಳಿದವನು ಅವನೊಬ್ಬನೇ.

ಭದ್ರಾವತಿ ಕರಿಕೋಟು
ಮಾತಾಡಿಸುವವರೆಗೆ ಸರಿ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಹತ್ತಿರ ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ 28 ಜನ ಸತ್ತರು, ಸರಪಳಿ ಹಾಕಿ ಕಟ್ಟಿದ್ದರಿಂದ ಓಡೋಕೆ ಆಗಲಿಲ್ಲ. ನಂಬಿಕೆ ಹೆಸರಿನಲ್ಲಿ ಕಟ್ಟಿಹಾಕುವ ಜಾಗ ಹರಕೆಯ ಜಾಗ ಅಲ್ಲ.

ಕೂಗಳತೆ
ನಾನೆಲ್ಲಿ ಕಟ್ಟಿಹಾಕಿ ಅಂದೆ? ಅಜ್ಜ ಕೂತು ಕೇಳಿದ, ಅದನ್ನು ಆಸ್ಪತ್ರೆಯವರೂ ಮಾಡಲಿ ಅಂದೆ. ವಕೀಲರು ಎದುರು ಪಾರ್ಟಿ ಇಲ್ಲದಿದ್ದರೂ ವಾದ ಮಾಡ್ತಾರೆ.

ಕಾಫಿಕಣ
ಒಂದು ಉಪಯೋಗದ ಮಾತು. ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಿಂದ ಇದೆ. ನಾನು ರಾತ್ರಿ ಹನ್ನೊಂದಕ್ಕೆ ಮಾಡಿದ್ದೆ. ಸಮಸ್ಯೆ ಅಂದರೆ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆ ಹಿಂದಿನ ದಿಬ್ಬದ ಮೇಲೆ ಮಾತ್ರ. ಅಲ್ಲಿ ನಿಂತು ಛತ್ರಿ ಹಿಡಿದು ಅತ್ತಿದ್ದೇನೆ. ಆ ಕಡೆ ಹುಡುಗಿ "ಮಳೆ ಶಬ್ದ ಜೋರಾಗಿದೆ, ನೀವು ಸೇಫಾಗಿ ಇದ್ದೀರಾ" ಅಂತ ಕೇಳಿದಳು.

ತುದಿಮಣೆ
ತೋಟದಂಚು ಅವರೇ, ಕೊನೆಗಾರ ಅಂದಿರಲ್ಲ. ಕೈ ನಡುಕ ಇಟ್ಟುಕೊಂಡು ಮರ ಹತ್ತಿಸಬೇಡಿ ದಯವಿಟ್ಟು. ಈಗ ಫೈಬರ್ ದೋಟಿ, ಅಂದರೆ ಉದ್ದ ಕೋಲು, ಬಂದಿದೆ, ನೆಲದಲ್ಲೇ ನಿಂತು ಕೊಯ್ಯಬಹುದು. ಔಷಧಿಯನ್ನೂ ಅದರಲ್ಲೇ ಹೊಡೆಯುತ್ತಾರೆ.

ಅಡಿಕೆಸಿಪ್ಪೆ
ರೇಟು ಕೇಳಿದ್ದೀರಾ? ನಾನು ಕೇಳಿ ಹಾಗೇ ಟೀ ಕುಡಿದು ವಾಪಸ್ ಬಂದೆ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟದಲ್ಲಿ ಉಳಿದ ಫಸಲಿಗೆ ದೋಟಿ ಯಾಕೆ, ಕೈಯಲ್ಲೇ ಎಣಿಸಬಹುದು.

ತುದಿಮಣೆ
ಸಬ್ಸಿಡಿ ವಿಚಾರ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ದೋಟಿಯಲ್ಲಿ ಕತ್ತು ನೋವು ಗ್ಯಾರಂಟಿ, ಅದೊಂದು ಹೇಳಿಬಿಡುತ್ತೇನೆ.

ಬಿಎಚ್ ರೋಡ್
ವಿಷಯ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ಎರಡೂಕಡೆ
ಎಲ್ಲೂ ಹೋಗಿಲ್ಲ ಸಾರ್. ಅವನಿಗೆ ಬೇಕಾಗಿದ್ದು ಕೆಲಸ.

ತೋಟದಂಚು, ಒಂದು ಮಾತು. ನೀವಾಗಿ ಮಾತ್ರೆ ಕಡಿಮೆ ಮಾಡಬೇಡಿ, ಅವನಿಗೂ ಹೇಳಿ. ಮುಂದಿನ ಸಲ ಹೋಗುವಾಗ ಅವನ ಕೈಯಲ್ಲೇ ಬರೆಸಿಕೊಂಡು ಹೋಗಿ. ನಾನು ಅಂಗಡಿ ಬಿಲ್ ಹಿಂದೆ ಬರೆಯುತ್ತೇನೆ. ಮೂರು ಸಾಲಿಗಿಂತ ಜಾಸ್ತಿ ಬೇಡ, ಅದಕ್ಕಿಂತ ಉದ್ದ ಇದ್ದರೆ ಯಾವ ಡಾಕ್ಟರೂ ಓದಲ್ಲ. ಒಳಗೆ ಹೋದ ಮೇಲೆ ರೋಗಿಯ ಸ್ಟೂಲಿನಲ್ಲಿ ಅವನು ಕೂರಲಿ, ನೀವು ಹಿಂದೆ ನಿಂತುಕೊಳ್ಳಿ.

ಆಶಾ ಅಕ್ಕ
ಇದು ಚೆನ್ನಾಗಿದೆ. ನಾನೂ ನನ್ನ ಏರಿಯಾದವರಿಗೆ ಹೇಳುತ್ತೇನೆ.

ತೋಟದಂಚು
ಐದು ವಾರ ಆಯಿತು, ಹೋಗಿ ಬಂದೆವು, ಹೇಳಬೇಕು ಅನ್ನಿಸಿತು.

ತಮ್ಮ ಕ್ಯಾಲೆಂಡರ್ ಹಾಳೆ ಹರಿದು ಹಿಂದೆ ಬರೆದ. "ಕೈ ನಡುಗುತ್ತದೆ. ಬೆಳಿಗ್ಗೆ ಏಳೋಕೆ ಆಗಲ್ಲ. ನನಗೆ ಕೊಯ್ಲು ಬೇಕು." ನಾನು ಹಿಂದೆ ನಿಂತೆ. ಡಾಕ್ಟರ್ ಮತ್ತೆ ನನ್ನ ಕಡೆಯೇ ನೋಡಿದರು. ನಾನು ಗೋಡೆ ಮೇಲಿನ ಲಸಿಕೆ ಪೋಸ್ಟರ್ ಓದುತ್ತಿದ್ದೆ. ಇವನು ಹಾಳೆ ಮುಂದಿಟ್ಟ. ಅವರು ಓದಿ, ಎರಡೂ ಕೈ ಮುಂದೆ ಚಾಚು ಅಂದರು, ನೋಡಿದರು. ಕೊಯ್ಲು ಅಂದರೆ ಏನು ಮಾಡ್ತೀಯ ಅಂತ ಕೇಳಿದರು. ಅವರು ಬಯಲುಸೀಮೆಯವರು, ತಳೆ ಅಂದರೆ ಏನು ಅಂತಲೇ ಗೊತ್ತಿಲ್ಲ. ಇವನು ಎದ್ದು ನಿಂತು, ಕಾಲಿಗೆ ಹೇಗೆ ಹಾಕುವುದು, ಮೇಲೆ ಹೇಗೆ ಕೂರುವುದು, ಕೊನೆ ಹೇಗೆ ಹಗ್ಗದಲ್ಲಿ ಬಿಡುವುದು ಅಂತ ಎಲ್ಲ ಮಾಡಿ ತೋರಿಸಿದ. ಬಾಗಿಲಲ್ಲಿ ನರ್ಸಮ್ಮ ಮುಂದಿನ ಚೀಟಿ ಹಿಡಿದು ನಿಂತೇ ಇದ್ದರು. ಒಂಬತ್ತು ವರ್ಷದಲ್ಲಿ ಅವನು ಆಸ್ಪತ್ರೆಯಲ್ಲಿ ಅಷ್ಟು ಮಾತಾಡಿದ್ದನ್ನು ನಾನು ನೋಡಿಲ್ಲ.

ಮಾತ್ರೆಯಲ್ಲಿ ಸ್ವಲ್ಪ ಕಡಿಮೆ ಮಾಡಿದ್ದಾರೆ, ಉಳಿದಿದ್ದನ್ನು ಸಂಜೆ ಬೇಗ ತಗೋ ಅಂದಿದ್ದಾರೆ, ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಮರ ಸದ್ಯಕ್ಕೆ ಬೇಡ ಅಂದರು. ಅದಕ್ಕೆ ಇವನು ಮುಖ ಸಣ್ಣ ಮಾಡಿ, "ಹಾಗಾದ್ರೆ ಕೊನೆ ಹಿಡಿಯೋಕೆ ಹೋಗಲಾ, ಅದು ಕೆಳಗೇ ನಿಂತು ಮಾಡೋದು" ಅಂತ ಚೌಕಾಸಿ ಮಾಡಿದ. ಒಪ್ಪಿದರು.

ಒಲೆಮುಂದೆ
ಓದಿ ಸಮಾಧಾನ ಆಯಿತು. ನಮ್ಮವರನ್ನು ಮೊನ್ನೆ ಕೇಳಿದೆ, ಮಾತ್ರೆಯಲ್ಲಿ ಯಾವುದು ಕಷ್ಟ ಅಂತ. "ಹೊಟ್ಟೆ ಬಂದಿದೆ, ಪಂಚೆ ನಿಲ್ಲಲ್ಲ" ಅಂದರು. ಇಷ್ಟು ದಿನ ಇದಕ್ಕಾ ಅಂತ ನಗು ಬಂತು, ಬೇಜಾರೂ ಆಯಿತು. ಮುಂದಿನ ಮಂಗಳವಾರ ಹೋಗುತ್ತೇವೆ. ಬರ್ತಾರೋ ಇಲ್ವೋ ಗೊತ್ತಿಲ್ಲ.

ತುದಿಮಣೆ
ತೋಟದಂಚು, ನಮ್ಮ ಹತ್ತಿರ ಹಳೇ ದೋಟಿ ಒಂದಿದೆ. ಒಂದು ಪೈಪ್ ಸೀಳಿದೆ, ಬಾಕಿ ಗಟ್ಟಿ ಇದೆ. ಬೇಕಾದರೆ ಕಡಿಮೆಗೆ ಕೊಡುತ್ತೇನೆ.

ತೋಟದಂಚು
ತಮ್ಮ ಪಕ್ಕದಲ್ಲೇ ಸುಲಿಯುತ್ತಾ ಕೂತಿದ್ದಾನೆ. ಎಷ್ಟು ಅಡಿಯದ್ದು, ಸೀಳಿದ್ದು ಬುಡದ ಪೈಪಾ ತುದಿದಾ ಅಂತ ಕೇಳುತ್ತಿದ್ದಾನೆ. ತುದಿದಾದರೆ ಬೇಡವಂತೆ.